ಉಳಿ

ಹೆಸರು ಬರೆಯುವವನು ನಾನು, ಎಂಗಲ್‌ಬರ್ಟ್ ವುಟ್ಕೆ.
ಬರ್ಲಿನ್ನಿನ ಮಂತ್ರಾಲಯಗಳ ಬಾಗಿಲಿಗೆ
ಕರಿ ಹಲಗೆ, ಬಿಳಿ ಅಕ್ಷರ.
ಯುದ್ಧ ಸೋತ ಮರುವರ್ಷದಿಂದ ಇದೇ ಕೆಲಸ.
ಮೊದಮೊದಲು ಮೂರು ಕೋಟು ಬಳಿದು,
ಅಗಸೆಯೆಣ್ಣೆ ಒಣಗಲೆಂದು ವಾರ ಕಾದು,
ಅಂಚಿಗೆ ಬಂಗಾರದ ಗೆರೆ ಎಳೆಯುತ್ತಿದ್ದೆ.
ಆಮೇಲೆ ಎರಡು ಕೋಟು.
ಆಮೇಲೆ ಒಂದು.
ಬಣ್ಣ ಹಸಿಯಿರುವಾಗಲೇ ಮಂತ್ರಿ ಮಾಜಿಯಾಗಿ
ತನ್ನ ಟೋಪಿ ಹುಡುಕುತ್ತಿದ್ದ ಕಾಲ.

ಪತ್ರಿಕೆಯವರು ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ:
ಸರ್ಕಾರ ಬೀಳುವುದು ಸಭೆಯಲ್ಲಲ್ಲ.
ಒಂಬತ್ತು ದಿನ ಮೊದಲೇ
ನೆಲಮಾಳಿಗೆಯ ನನ್ನ ಕೋಣೆಗೆ ಚೀಟಿ ಬರುತ್ತದೆ,
ಸಹಿಯಿಲ್ಲದ್ದು:
"ಖಾಲಿ ಹಲಗೆ ಆರು. ಅಳತೆ ಹಿಂದಿನದೇ."

ಈ ಜನವರಿಯಲ್ಲಿ ಚೀಟಿ ತಂದವನು ಬಾಗಿಲು ಕಾಯುವ ಕ್ಲಾಪ್ರೋಟ್.
ಮೀಸೆಯ ಮೇಲೆ ಹಿಮ, ಬೆರಳ ನಡುವೆ ಚುರುಟು,
ಅವನ ಸಂಬಳಕ್ಕೆ ಸಿಗುವಂಥದ್ದಲ್ಲ.
ರಾತ್ರಿ ತೋಟದ ಹಿಂಬಾಗಿಲಿಗೆ ಯಾರೋ ಬರುತ್ತಾರಂತೆ,
ಕಾರಿನ ದೀಪ ಆರಿಸಿಕೊಂಡು.
ಉಪಕಾರ್ಯದರ್ಶಿ ಫೊನ್ ಡ್ರೆಸ್ಕೋ ತಾವೇ ಕಾಫಿ ಒಯ್ಯುತ್ತಾರಂತೆ.
"ಎಷ್ಟು ಬಟ್ಟಲು?" ಅಂದೆ.
"ಐದು. ಒಂದಕ್ಕೆ ಸಕ್ಕರೆ ಬೇಡ."
ಸಂಚಿನ ಬಗ್ಗೆ ನನಗೆ ತಿಳಿದದ್ದು ಇಷ್ಟೇ.

ಕಾರ್ಮಿಕ ಮಂತ್ರಿ ಡಾಕ್ಟರ್ ಲೂಡೊಲ್ಫ್ ಹಾರ್ಟುಂಗ್
ಡಿಸೆಂಬರಿನಲ್ಲಷ್ಟೇ ಬಂದವರು.
ತಮ್ಮ ಹೆಸರಿನೆದುರು ನಿಂತು, ಮಗುವಿನ ಹಾಗೆ
ಬೆರಳ ತುದಿಯಿಂದ ಮುಟ್ಟಿ ನೋಡಿ,
ಬಣ್ಣ ಮೆತ್ತಿಕೊಂಡದ್ದಕ್ಕೆ ನಕ್ಕು,
ಒಳ್ಳೆಯ ಕರವಸ್ತ್ರ ಕೆಡಿಸಿಕೊಂಡವರು.
ಒಂದು ಸಂಜೆ ಮೆಟ್ಟಿಲಲ್ಲಿ ಎದುರಾದರು, ಕಂಕುಳಲ್ಲಿ ಕಡತ:
ಕೆಲಸವಿಲ್ಲದವರ ಭತ್ಯೆ, ವಾರಕ್ಕೆ ಎರಡು ಮಾರ್ಕ್ ಹೆಚ್ಚು.
"ಫೆಬ್ರವರಿಗೆ ಪಾಸಾಗುತ್ತೆ, ವುಟ್ಕೆ. ಮಾತು ಕೊಟ್ಟಿದ್ದಾರೆ."
ನನ್ನ ಚೀಲದೊಳಗೆ ಆರು ಖಾಲಿ ಹಲಗೆ
ಒಂದಕ್ಕೊಂದು ತಾಗಿ ಹಲ್ಲು ಕಡಿಯುತ್ತಿದ್ದವು.
ಹೇಳಬಹುದಿತ್ತು.
ನನ್ನ ಮೈದುನ ಗಿಸ್ಬರ್ಟ್ ಹದಿನಾಲ್ಕು ತಿಂಗಳಿಂದ
ಅದೇ ಭತ್ಯೆಯ ಸಾಲಿನಲ್ಲಿ ನಿಂತಿದ್ದಾನೆ.
ಹೇಳಬಹುದಿತ್ತು.
"ಮೆಟ್ಟಿಲು ಜಾರುತ್ತೆ, ಸ್ವಾಮಿ, ಜೋಪಾನ" ಅಂದೆ.

ಮನೆಯಲ್ಲಿ ಆಲ್ಮುಟ್ ಆಲೂಗಡ್ಡೆ ಸಿಪ್ಪೆಯನ್ನೂ ಬೇಯಿಸುತ್ತಾ,
"ಯಾರು ಪಟ್ಟಕ್ಕೇರಿದರೂ ನಮ್ಮ ಒಲೆ ನಾವೇ ಊದಬೇಕು.
ನಿನಗೇನು, ಹೆಸರಿಗೆ ಹೆಸರು ಬಂದೇ ಬರುತ್ತಲ್ಲ" ಅಂದಳು.
ಬಂದೇ ಬರುತ್ತದೆ. ಊಟ ಸೇರಲಿಲ್ಲ.

ಶನಿವಾರ ಮಧ್ಯಾಹ್ನ ಸರ್ಕಾರ ಬಿತ್ತು. ಸದ್ದಿರಲಿಲ್ಲ,
ಗೋಡೆಯ ಬಿಸಿನೀರಿನ ಕೊಳವೆ ಒಮ್ಮೆ ಕೆಮ್ಮಿತು.
ಟರ್ಪೆಂಟೈನಿನಲ್ಲಿ ಚಿಂದಿ ಅದ್ದಿ ಒರೆಸಿದೆ.
ಮೊದಲು ಡಾಕ್ಟರ್ ಹೋಯಿತು, ಆಮೇಲೆ ಲೂಡೊಲ್ಫ್,
'ಹಾ' ಎಂಬುದೊಂದು ಮಾತ್ರ
ಬಹಳ ಹೊತ್ತು ಬಿಡಲಿಲ್ಲ.
ಒಳಗೆ ಅವರು ಮೇಜು ಖಾಲಿ ಮಾಡುತ್ತಿದ್ದರು,
ಯಾವುದೋ ಡ್ರಾಯರು ಸಿಕ್ಕಿಕೊಂಡು ಎಳೆದಾಡುತ್ತಿದ್ದರು.
ಕಡತ ಅಲ್ಲೇ ಬಿಟ್ಟರು. ಕರವಸ್ತ್ರ ಒಯ್ದರು.
ಬಾಗಿಲ ಮೇಲಿನ ಒದ್ದೆ ಕಲೆಯನ್ನು ನೋಡಿ
ನನ್ನ ಕಡೆ ನೋಡಿದರು.
ಒಂಬತ್ತು ದಿನದ ಲೆಕ್ಕ ಅವರಿಗೆ ಆಗ ಸಿಕ್ಕಿರಬೇಕು.

ಸೋಮವಾರ ಡ್ರೆಸ್ಕೋ ತಾವೇ ನೆಲಮಾಳಿಗೆಗೆ ಇಳಿದರು,
ತಲೆ ತಗ್ಗಿಸಿ, ಕೊಳವೆಗೆ ತಾಗದ ಹಾಗೆ.
"ಈ ಸಲ ಬಣ್ಣ ಬೇಡ. ಹಿತ್ತಾಳೆ.
ಕೊರೆಯಬೇಕು, ಆಳವಾಗಿ.
ತಿರುಪು ನಾಲ್ಕಲ್ಲ, ಎಂಟು."

ಅಳಿಸುವುದನ್ನೇ ಹದಿನಾಲ್ಕು ವರ್ಷ ಕಲಿತ ಕೈ.
ಅಂಗಡಿಗೆ ಹೋಗಿ ಸಾಲಕ್ಕೆ ಒಂದು ಉಳಿ ತಂದೆ.
ಉಳಿ, ಎಂಥ ಮಾತು:
ಹೇಳಿದರೆ ಹಾರೈಕೆ, ಹಿಡಿದರೆ ಮೊನೆ.
ದಾರಿಯಲ್ಲಿ ಪಂಜು ಹಿಡಿದವರ ಸಾಲು, ಮುಗಿಯುವ ಹಾಗಿರಲಿಲ್ಲ.
ಅದರೊಳಗೆ ಗಿಸ್ಬರ್ಟ್, ಹೊಸ ಬೂಟಿನಲ್ಲಿ,
ಬಹಳ ದಿನಗಳ ಮೇಲೆ ಹೊಟ್ಟೆ ತುಂಬಿದವನ ಹಾಗೆ ಹಾಡುತ್ತಿದ್ದ.
ನನ್ನನ್ನು ಕಂಡು ಕೈ ಎತ್ತಿದ.
ನನ್ನ ಎರಡು ಕೈಯಲ್ಲೂ ಸಾಮಾನಿತ್ತು. ಅದೇ ನೆಪವಾಯಿತು.

ಈಗ ರೊಟ್ಟಿಯಲ್ಲೂ ಹಿತ್ತಾಳೆಯ ಪುಡಿ ಕರಕರ ಅನ್ನುತ್ತದೆ.
"ಇನ್ನು ಇದು ಬೇಕಾಗದಲ್ಲ" ಎಂದು ಟರ್ಪೆಂಟೈನ್ ಸೀಸೆಯನ್ನು
ಆಲ್ಮುಟ್ ಒದ್ದೆ ಕಲ್ಲಿದ್ದಲು ಹೊತ್ತಿಸಲು ಒಯ್ದಳು.
ಅವಳಿಗೆ ಕಾಣದ ಹಾಗೆ ಒಂದು ಬಟ್ಟಲಷ್ಟು
ಎತ್ತಿಟ್ಟಿದ್ದೇನೆ.
ಯಾಕೆ ಎನ್ನಬೇಡಿ.
ಕೊರೆದ ಹಿತ್ತಾಳೆಯ ಮೇಲೆ ಅದರ ಆಟ ನಡೆಯದು,
ಗೊತ್ತಿದೆ ನನಗೆ.